ಯುದ್ಧದ ಖರ್ಚು ಯಾವ ಖಾತೆಗೆ? ಅಮೆರಿಕದವರ ಮನಸ್ಸು, ನಮ್ಮ ‘ಪೊಲೀಸ್ ಆ್ಯಕ್ಷನ್’

ಕುರಕುಂಟಾದಿಂದ ಮಾತಾಡ್ತಾ ಇದ್ದೀನಿ. 2025ರ ಸೆಪ್ಟೆಂಬರ್ 17ರ ವಾರದಲ್ಲಿ ರೆಕಾರ್ಡ್ ಮಾಡಿದ ಸಂಚಿಕೆ ಇದು. ಆಡಿಯೊದಲ್ಲಿ ಸಿಮೆಂಟ್ ಲಾರಿಗಳ ಹಾರ್ನ್ ಜಾಸ್ತಿ ಕೇಳಿಸ್ತು ಅಂತ ಬೈದವರು ಇಲ್ಲಿ ಆರಾಮಾಗಿ ಓದಬಹುದು.

ವಾಡಿಯ ಕೇಳುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ರು. ಅವರ ಮಾತಿನಲ್ಲೇ ಹೇಳ್ತೀನಿ: “ಅಮೆರಿಕದ ಮಂದಿಗಿ ಯುದ್ಧ ಬೇಕಾಗ್ಯಾದೋ ಬ್ಯಾಡಾಗ್ಯಾದೋ, ಒಂದ್ ಸಲ ಬಿಡಿಸಿ ಹೇಳ್ರಿ. ಓಟ್ ಕೇಳೋವಾಗ ಯುದ್ಧ ಬ್ಯಾಡ ಅಂತಾರ. ಗೆದ್ದ ಮ್ಯಾಲ ಬಾಂಬ್ ಹಾಕ್ತಾರ. ಮಂದಿ ಸುಮ್ನ ಕುಂದುರ್ತಾರ.”

ಈ ಪ್ರಶ್ನೆಗೆ ಕಾರಣ ಇದೆ. ಈ ವರ್ಷ ಜೂನ್ 22ರಂದು ಅಮೆರಿಕದ ವಿಮಾನಗಳು ಇರಾನಿನ ಮೂರು ಪರಮಾಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದವು. ಯುದ್ಧ ಘೋಷಣೆ ಅಂತ ಏನೂ ಆಗಲಿಲ್ಲ. ಆಮೇಲೆ ಸೆಪ್ಟೆಂಬರ್ 5ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದ್ರು: ರಕ್ಷಣಾ ಇಲಾಖೆಯನ್ನು ಇನ್ನು ಮುಂದೆ ‘ಯುದ್ಧ ಇಲಾಖೆ’ ಅಂತಲೂ ಕರೆಯಬಹುದು. 1947ರವರೆಗೆ ಅಲ್ಲಿ ಯುದ್ಧ ಇಲಾಖೆ ಅನ್ನೋ ಹೆಸರೇ ಇತ್ತು. ಆ ಹೆಸರು ಇದ್ದಾಗ ಎರಡು ಮಹಾಯುದ್ಧಗಳಿಗೂ ಅವರು ಘೋಷಣೆ ಮಾಡಿಯೇ ಹೋಗಿದ್ರು. ‘ರಕ್ಷಣೆ’ ಅಂತ ಹೆಸರಾದ ಮೇಲೆ ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲ ಆಯಿತು, ಒಂದಕ್ಕೂ ಯುದ್ಧ ಘೋಷಣೆ ಇಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಧ್ವಜ ಹಾರಿಸ್ತೀವಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾಯಿತು. ಅದಕ್ಕೆ ಸೈನ್ಯ ಬಂದಿತ್ತು, ಟ್ಯಾಂಕ್ ಬಂದಿತ್ತು, ವಿಮಾನ ಬಂದಿತ್ತು. ಆದರೆ ನಮ್ಮಲ್ಲಿ ಯಾವ ಅಜ್ಜನನ್ನು ಕೇಳಿದ್ರೂ ‘ಯುದ್ಧ’ ಅನ್ನಲ್ಲ, ‘ಪೊಲೀಸ್ ಆ್ಯಕ್ಷನ್’ ಅಂತಾರೆ. ವಾಡಿಯವರ ಪ್ರಶ್ನೆಗೆ ಉತ್ತರ ಈ ಎರಡು ಪದದಿಂದಲೇ ಶುರು ಮಾಡಬಹುದು ಅಂತ ನನಗೆ ಅನ್ನಿಸ್ತು.

ನಾನು ಓದಿದ್ದು ಬಿ.ಕಾಂ. ಡಿಗ್ರಿ ಮುಗಿದ ಮೇಲೆ ಸ್ವಲ್ಪ ದಿನ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೀತಿದ್ದೆ. ಅವರು ಮೊದಲ ದಿನ ಕಲಿಸಿದ್ದು ಒಂದೇ: ಅಂಗಡಿಯವನ ಪುಸ್ತಕದಲ್ಲಿ ‘ಇತರೆ ಖರ್ಚು’ ಅಂತ ಎಲ್ಲಿ ಬರೆದಿರ್ತದೋ ಅಲ್ಲಿ ಬೆರಳಿಟ್ಟು ಕೇಳು. ಹಣ ಹೋಗಿರೋದು ಸುಳ್ಳಲ್ಲ, ಖಾತೆ ಮಾತ್ರ ಬೇರೆ. ಸರ್ಕಾರಗಳೂ ಯುದ್ಧದ ವಿಷಯದಲ್ಲಿ ಇದನ್ನೇ ಮಾಡ್ತವೆ. ಬೇರೆ ಖಾತೆಗೆ ಬರೆದ ಯುದ್ಧವನ್ನು ಜನ ಬೇಗ ಒಪ್ಪಿಕೊಳ್ತಾರೆ. ಬಿಲ್ ಮನೆ ಬಾಗಿಲಿಗೆ ಬಂದಾಗ ಮನಸ್ಸು ಬದಲಾಗ್ತದೆ.

ಮೊದಲು ಅವರೂ ಬೇಡ ಅಂದಿದ್ರು

ಅಮೆರಿಕ ಅಂದ್ರೆ ಜಗತ್ತಿನ ಎಲ್ಲ ಜಗಳದಲ್ಲೂ ಕೈ ಹಾಕೋ ದೇಶ ಅಂತ ನಮ್ಮ ತಲೆಯಲ್ಲಿದೆ. ಆದರೆ ಒಂದು ಕಾಲದಲ್ಲಿ ಅಲ್ಲಿಯ ಸಾಮಾನ್ಯ ಜನರ ಅಭಿಪ್ರಾಯ ಪೂರಾ ಉಲ್ಟಾ ಇತ್ತು. ಮೊದಲ ಮಹಾಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕದ ಸೈನಿಕರು ಸತ್ತರು. ಇಪ್ಪತ್ತು ವರ್ಷದೊಳಗೆ ‘ನಾವು ಯಾಕೆ ಹೋಗಿದ್ವಿ’ ಅನ್ನೋ ಪ್ರಶ್ನೆ ಮನೆಮನೆಯಲ್ಲಿ ಎದ್ದಿತ್ತು. 1935ರಿಂದ ಒಂದರ ಹಿಂದೆ ಒಂದು ತಟಸ್ಥ ಕಾನೂನು ಬಂತು: ಯುದ್ಧ ಮಾಡ್ತಿರೋ ದೇಶಗಳಿಗೆ ಶಸ್ತ್ರ ಮಾರಬಾರದು, ಸಾಲ ಕೊಡಬಾರದು.

ಲಡ್ಲೋ ಅನ್ನೋ ಸಂಸದರು ಇನ್ನೂ ಮುಂದೆ ಹೋದ್ರು. ದೇಶದ ಮೇಲೆ ನೇರ ದಾಳಿ ಆಗದ ಹೊರತು ಯುದ್ಧ ಬೇಕೋ ಬೇಡವೋ ಅಂತ ಜನರ ಓಟು ಹಾಕಿಸಬೇಕು, ಅದಕ್ಕೆ ಸಂವಿಧಾನ ತಿದ್ದಬೇಕು ಅಂದ್ರು. 1938ರ ಜನವರಿಯಲ್ಲಿ ಅದನ್ನು ಸದನದಲ್ಲಿ ಚರ್ಚೆಗೆ ತರೋ ಪ್ರಯತ್ನ 188–209ರಲ್ಲಿ ಬಿದ್ದು ಹೋಯಿತು. ಬಿದ್ದಿದ್ದು ಬರೀ 21 ಓಟಿನಿಂದ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದಾಗ ಒಂದೇ ರಾತ್ರಿಯಲ್ಲಿ ಎಲ್ಲ ಬದಲಾಯಿತು. ಮರುದಿನ ಯುದ್ಧ ಘೋಷಣೆಗೆ ಕೆಳಮನೆಯಲ್ಲಿ ವಿರೋಧವಾಗಿ ಬಿದ್ದಿದ್ದು ಒಂದೇ ಒಂದು ಓಟು, ಜಾನೆಟ್ ರ‍್ಯಾಂಕಿನ್ ಅವರದು. 1942ರ ಜೂನ್‌ನಲ್ಲಿ ಬಲ್ಗೇರಿಯ, ಹಂಗರಿ, ರುಮೇನಿಯ ಮೇಲೆ ಘೋಷಿಸಿದ್ದೇ ಕೊನೆ. ಅಲ್ಲಿಂದ ಇವತ್ತಿನವರೆಗೆ ಅಮೆರಿಕ ಯಾರ ಮೇಲೂ ಕಾಯದೆ ಪ್ರಕಾರ ಯುದ್ಧ ಘೋಷಿಸಿಲ್ಲ.

ಹೈದರಾಬಾದಿನಿಂದ ಟ್ರೂಮನ್‌ಗೆ ಹೋದ ಮನವಿ

ಈಗ ನಮ್ಮ ಊರ ಕಡೆ ಬರೋಣ. 1948ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ನಿಜಾಮನ ಗುಲಬರ್ಗಾ ಜಿಲ್ಲೆ. ಕುರಕುಂಟಾ ಮೇಲೆ ಹೋಗೋ ವಾಡಿ–ಸಿಕಂದರಾಬಾದ್ ರೈಲು ಮಾರ್ಗವೂ ನಿಜಾಮನ ಕಾಲದ್ದೇ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾದ್ರೂ ನಮಗೆ ಬಂದಿರಲಿಲ್ಲ. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ತಾ ಇದ್ರು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಇವತ್ತಿಗೂ ಜನ ನೆನೆಸ್ತಾರೆ. ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ವಿಜಯಪುರದ ಕಡೆ ಓಡಿ ಹೋಗಿದ್ವು.

ದೆಹಲಿ ಜೊತೆ ಮಾತುಕತೆ ಮುರಿದು ಬಿದ್ದಾಗ ನಿಜಾಮ ಎರಡು ಬಾಗಿಲು ತಟ್ಟಿದ. ಒಂದು ವಿಶ್ವಸಂಸ್ಥೆ. ಆಗಸ್ಟ್ 21ರಂದು ಅಲ್ಲಿಗೆ ದೂರು ಹೋಯಿತು. ಇನ್ನೊಂದು ಅಮೆರಿಕ. ನೀವು ಮಧ್ಯಸ್ಥಿಕೆ ಮಾಡಿ ಅಂತ ಅಧ್ಯಕ್ಷ ಟ್ರೂಮನ್‌ಗೆ ಮನವಿ ಹೋಯಿತು. ಟ್ರೂಮನ್ ಒಪ್ಪಲಿಲ್ಲ. ಅಂದ್ರೆ ನಮ್ಮ ಈ ನೆಲದ ವಿಷಯದಲ್ಲಿ ಒಂದು ಸಲ ಅಮೆರಿಕವನ್ನು ‘ಬನ್ನಿ’ ಅಂತ ಕರೆದಿದ್ರು, ಅದು ಬರಲಿಲ್ಲ.

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದ ಸೈನ್ಯ ಸೊಲ್ಲಾಪುರ ಕಡೆಯಿಂದ ನಳದುರ್ಗದ ಮೇಲೆ ಒಳಗೆ ಬಂತು. ಸೈನ್ಯದ ಕಡತದಲ್ಲಿ ಅದರ ಹೆಸರು ‘ಆಪರೇಷನ್ ಪೋಲೊ’. ಜನರಿಗೆ ಹೇಳಿದ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಯಾಕೆ? ಯುದ್ಧ ಅಂದ್ರೆ ಎರಡು ದೇಶಗಳ ನಡುವೆ ನಡೆಯೋದು. ಯುದ್ಧ ಅಂತ ಒಪ್ಪಿಕೊಂಡ್ರೆ ಹೈದರಾಬಾದ್ ಬೇರೆ ದೇಶ ಅಂತ ಒಪ್ಪಿಕೊಂಡ ಹಾಗೆ, ವಿಶ್ವಸಂಸ್ಥೆಯೂ ಕೈ ಹಾಕಬಹುದು. ಪೊಲೀಸ್ ಅಂದ್ರೆ ನಮ್ಮ ಮನೆಯೊಳಗಿನ ಕಾನೂನು ಸುವ್ಯವಸ್ಥೆ. ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು. ಮರುದಿನವೇ ನಿಜಾಮ ಶರಣಾದ, ಆಮೇಲೆ ದೂರನ್ನೂ ವಾಪಸ್ ತಗೊಂಡ.

ಎರಡು ವರ್ಷವೂ ಆಗಿರಲಿಲ್ಲ, ಅದೇ ಟ್ರೂಮನ್‌ಗೆ ಅದೇ ಪದ ಬೇಕಾಯಿತು. 1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣಕ್ಕೆ ನುಗ್ಗಿದಾಗ ಅವರು ಸಂಸತ್ತಿನಿಂದ ಯುದ್ಧ ಘೋಷಣೆ ಮಾಡಿಸದೆ ಸೈನ್ಯ ಕಳಿಸಿದ್ರು. ಇದನ್ನು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆ ಅನ್ನಬಹುದಾ ಅಂತ ಪತ್ರಕರ್ತರೊಬ್ಬರು ಕೇಳಿದ್ರು. ಟ್ರೂಮನ್ ಹೌದು ಅಂದುಬಿಟ್ರು. ನಮ್ಮಿಂದ ಕದ್ದರು ಅಂತ ನಾನು ಹೇಳ್ತಾ ಇಲ್ಲ. ಅನುಕೂಲ ಒಂದೇ ಥರ ಇದ್ದಾಗ ಪದವೂ ಒಂದೇ ಥರ ಹೊಳೆಯುತ್ತೆ.

ನಮ್ಮ ಪೊಲೀಸ್ ಕಾರ್ಯಾಚರಣೆ ಐದು ದಿನಕ್ಕೆ ಮುಗೀತು. ಅವರದ್ದು ಮೂರು ವರ್ಷ ನಡೀತು. ಸುಮಾರು 36 ಸಾವಿರ ಅಮೆರಿಕದ ಸೈನಿಕರು ಸತ್ತರು. ಯುದ್ಧ ನಿಂತ ಮೇಲೆ ಊರಿಗೆ ಮರಳಲು ಒಪ್ಪದ ಕೈದಿಗಳ ವಿಷಯ ನೋಡಿಕೊಳ್ಳೋಕೆ ಮಾಡಿದ ಆಯೋಗಕ್ಕೆ ಮುಖ್ಯಸ್ಥರಾಗಿ ಹೋದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ.

ಬಿಲ್ ಬಂದಾಗ

ಗ್ಯಾಲಪ್ ಸಂಸ್ಥೆ ಪ್ರತಿ ಯುದ್ಧದಲ್ಲೂ ಅಮೆರಿಕದವರಿಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳ್ತಾ ಬಂದಿದೆ: ಸೈನ್ಯ ಕಳಿಸಿದ್ದು ತಪ್ಪಾ? ಕೊರಿಯಾ ವಿಷಯದಲ್ಲಿ 1950ರ ಆಗಸ್ಟ್‌ನಲ್ಲಿ ತಪ್ಪು ಅಂದವರು ನೂರಕ್ಕೆ 20. ಚೀನಾ ಯುದ್ಧಕ್ಕಿಳಿದ ಮೇಲೆ, 1951ರ ಶುರುವಿಗೆ, ಹತ್ತಿರ ಹತ್ತಿರ ಅರ್ಧ ಜನ ತಪ್ಪು ಅಂದ್ರು.

ವಿಯೆಟ್ನಾಂಗೆ ಬಂದ್ರೆ, 1964ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಾನ್ಸನ್‌ಗೆ ಸೈನ್ಯ ಬಳಸೋ ಅಧಿಕಾರ ಕೊಟ್ಟ ನಿರ್ಣಯಕ್ಕೆ ಕೆಳಮನೆಯಲ್ಲಿ 416 ಓಟು ಪರ, ವಿರೋಧ ಸೊನ್ನೆ. 1965ರಲ್ಲಿ ತಪ್ಪು ಅಂದವರು ನೂರಕ್ಕೆ 24. 1968ರ ಆಗಸ್ಟ್‌ಗೆ 53. 1971ಕ್ಕೆ 61. ನಡುವೆ ಏನಾಯ್ತು? ಕಡ್ಡಾಯ ಸೇನಾಭರ್ತಿ ಇತ್ತು. 1969ರ ಡಿಸೆಂಬರ್‌ನಲ್ಲಿ ಟಿ.ವಿ. ಮುಂದೆ ಲಾಟರಿ ಎತ್ತಿದ್ರು. ವರ್ಷದ ಎಲ್ಲ ತಾರೀಖುಗಳನ್ನು ಚೀಟಿ ಮಾಡಿ ಒಂದು ಗಾಜಿನ ಪಾತ್ರೆಗೆ ಹಾಕಿ, ಬಂದ ತಾರೀಖಿನಲ್ಲಿ ಹುಟ್ಟಿದ ಹುಡುಗರನ್ನು ಮೊದಲು ಕರೆಯೋದು. ಮೊದಲ ಚೀಟಿ ಸೆಪ್ಟೆಂಬರ್ 14. ಮಗ ಆ ದಿನ ಹುಟ್ಟಿದ್ದಾನೆ ಅಂದ್ರೆ ಆ ಮನೆಗೆ ವಿಯೆಟ್ನಾಂ ದೂರದ ಸುದ್ದಿ ಅಲ್ಲ. ಜೊತೆಗೆ 1968ರಲ್ಲಿ ಆದಾಯ ತೆರಿಗೆ ಮೇಲೆ ಶೇ 10 ಹೆಚ್ಚುವರಿ ತೆರಿಗೆ ಬಂತು. ಮಗನ ಬಿಲ್, ದುಡ್ಡಿನ ಬಿಲ್ ಎರಡೂ ಒಟ್ಟಿಗೆ ಬಂದವು. ಕೊನೆಗೆ 58 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ವಾಷಿಂಗ್ಟನ್‌ನ ಕಪ್ಪು ಕಲ್ಲಿನ ಗೋಡೆ ಮೇಲೆ ಹೋಯಿತು.

ಇದರಿಂದ ಜನ ಪಾಠ ಕಲಿತರು. ಸರ್ಕಾರವೂ ಕಲಿತಿತು, ಆದರೆ ಬೇರೆ ಪಾಠ. 1973ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು: ಅಧ್ಯಕ್ಷರು ಸೈನ್ಯ ಕಳಿಸಿದ್ರೆ 48 ಗಂಟೆಯೊಳಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ರೆ 60 ದಿನದ ಮೇಲೆ ಮುಂದುವರಿಸೋ ಹಾಗಿಲ್ಲ. ಅದೇ ವರ್ಷ ಕಡ್ಡಾಯ ಭರ್ತಿಯೂ ನಿಂತಿತು. ಇನ್ನು ಮುಂದೆ ಸಂಬಳಕ್ಕೆ ಸೇರಿದವರೇ ಸೈನಿಕರು. ಚೀಟಿ ಎತ್ತೋ ಭಯ ಹೋಯಿತು.

2001ರ ದಾಳಿ ಆದ ಮೂರನೇ ದಿನ ಕೆಳಮನೆಯಲ್ಲಿ 420–1ರಲ್ಲಿ ಸೈನಿಕ ಬಲ ಬಳಸೋ ಅನುಮತಿ ಸಿಕ್ಕಿತು. ಬೇಡ ಅಂದ ಆ ಒಬ್ಬರು ಬಾರ್ಬರಾ ಲೀ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾದಾಗ ತಪ್ಪು ಅಂದವರು ನೂರಕ್ಕೆ 23. 2008ರ ಏಪ್ರಿಲ್‌ಗೆ 63. ಮತ್ತೆ ಅದೇ ಗೆರೆ, ಕೆಳಗಿಂದ ಮೇಲಕ್ಕೆ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಕೊರಿಯಾ ಯುದ್ಧಕ್ಕೆ ತೆರಿಗೆ ಏರಿಸಿದ್ರು, ವಿಯೆಟ್ನಾಂಗೂ ಏರಿಸಿದ್ರು. ಇರಾಕ್ ಯುದ್ಧ ಶುರುವಾದ ವರ್ಷ ತೆರಿಗೆ ಇಳಿಸಿದ್ರು. ಯುದ್ಧ ನಡೆದಿದ್ದು ಸಾಲದ ಮೇಲೆ. ನಮ್ಮ ಕಿರಾಣಿ ಅಂಗಡಿ ಭಾಷೆಯಲ್ಲಿ ಹೇಳೋದಾದ್ರೆ ಉದ್ರಿ ಯುದ್ಧ. ಉದ್ರಿ ತಂದ ಸಾಮಾನು ಯಾವಾಗಲೂ ಸಸ್ತಾ ಅನ್ನಿಸ್ತದೆ. ಅದರ ಮೇಲೆ ಡ್ರೋನ್ ಬಂತು. ಈಗ ಅಮೆರಿಕದ ಒಬ್ಬ ಹುಡುಗನೂ ಸಾಯದೆ ಇನ್ನೊಂದು ದೇಶದಲ್ಲಿ ಬಾಂಬ್ ಬೀಳಬಹುದು.

ಹಾಗಾಗಿ ವಾಡಿಯವರಿಗೆ ನನ್ನ ಉತ್ತರ: ಅಮೆರಿಕದವರಿಗೆ ಯುದ್ಧ ಬೇಡವಾಗಿದೆ, ನಿಜ. ಎಡದವರು ಬಲದವರು ಇಬ್ಬರೂ ‘ಮುಗಿಯದ ಯುದ್ಧಗಳು ಸಾಕು’ ಅಂತಾರೆ. ಆದರೆ ಅವರಿಗೆ ಬೇಡವಾಗಿರೋದು ತಮ್ಮ ಮಕ್ಕಳ ಶವ ಮನೆಗೆ ಬರೋ ಯುದ್ಧ. ಒಂದು ರಾತ್ರಿ ವಿಮಾನ ಹೋಗಿ ವಾಪಸ್ ಬಂದ್ರೆ ಅದು ಅಲ್ಲಿಯ ಹೆಚ್ಚಿನ ಮನೆಗಳಿಗೆ ತಟ್ಟೋದಿಲ್ಲ. ಅವರ ಲೆಕ್ಕದಲ್ಲಿ ಯಾವಾಗಲೂ ಒಂದೇ ಪುಟ ಇತ್ತು. ವಿಯೆಟ್ನಾಂನಲ್ಲಿ ಸತ್ತ ಆ ದೇಶದ ಲಕ್ಷ ಲಕ್ಷ ಜನ, ಇರಾಕಿನಲ್ಲಿ ಸತ್ತ ಲಕ್ಷಕ್ಕೂ ಹೆಚ್ಚು ನಾಗರಿಕರು ಇನ್ನೊಂದು ಪುಟದಲ್ಲಿ ಇದ್ದಾರೆ. ಆ ಪುಟವನ್ನು ತಿರುಗಿಸಿ ನೋಡಿದವರು ಅಲ್ಲಿ ಆಗಲೂ ಕಮ್ಮಿ, ಈಗಲೂ ಕಮ್ಮಿ.

ನಮ್ಮ ಪುಸ್ತಕದ ಇನ್ನೊಂದು ಪುಟ

ಇಲ್ಲಿಗೆ ಸಂಚಿಕೆ ಮುಗಿಸಬಹುದಿತ್ತು. ಅಮೆರಿಕವನ್ನು ಬೈದು ಚಹಾ ಕುಡಿಯೋದು ಸುಲಭ. ಆದರೆ ನಮ್ಮ ಆಯಿ ನೆನಪಾದ್ರು.

ನಮ್ಮ ಆಯಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದೆ. ವಯಸ್ಸು ಕೇಳಿದ್ರೆ, “ಪೊಲೀಸ್ ಆ್ಯಕ್ಷನ್ ಆದ ವರ್ಷ ನಾ ನಮ್ಮವ್ವನ ಎದಿಮಟ ಇದ್ದೆ” ಅಂತಾಳೆ. ಅವಳ ತವರು ಸೇಡಂ ತಾಲ್ಲೂಕಿನದೇ ಒಂದು ಹಳ್ಳಿ. ಈ ಸಂಚಿಕೆಗೆ ಅಂತ ಫೋನ್ ಮುಂದಿಟ್ಟು ಕೇಳಿದೆ.

“ರಜಾಕಾರ್ರು ಬಂದ್ರು ಅಂದ್ರ ನಮ್ಮವ್ವ ಹೊಲಕ್ಕ ಓಡಸ್ತಿದ್ಲು. ತೊಗರಿ ಸಾಲಿನಾಗ ಉಸಿರು ಹಿಡಿದು ಕುಂದುರ್ತಿದ್ದೆವು.”

“ಆಮ್ಯಾಲ?”

“ಆಮ್ಯಾಲ ಫೌಜ್ ಬಂತು. ಉಳಕೊಂಡ್ವಿ.”

“ಆಮ್ಯಾಲ ಏನಾಯ್ತು ಆಯಿ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಮ್ಮ ಮನಿ ಬಾಜೂಕ ಒಂದು ಪಿಂಜಾರ್ ಮನಿ ಇತ್ತು. ದೀಪಾವಳಿ ಹೊತ್ತಿಗಿ ಆ ಮನ್ಯಾಗ ಯಾರೂ ಇದ್ದಿದ್ದಿಲ್ಲ. ಆ ಮನಿ ಹುಡುಗಿ ನನ್ನ ಗೆಳತಿ. ಎಲ್ಲಿ ಹೋದ್ರಂತ ನಾನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.” ಆಮೇಲೆ, “ಅದನ್ನ ಫೋನ್‌ನಾಗ ಹಾಕಬ್ಯಾಡ” ಅಂದಳು. ಎರಡು ದಿನ ಬಿಟ್ಟು ಅವಳೇ ಕರೆದು, “ಹಾಕು ಹೋಗು, ಇನ್ನೆಷ್ಟು ದಿನ ಇರ್ತೀನಿ” ಅಂದಳು. ಅದಕ್ಕೇ ಇಲ್ಲಿ ಹೇಳ್ತಾ ಇದ್ದೀನಿ.

ಆ ಮನೆಯವರಿಗೆ ಏನಾಯ್ತೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಆ ತಿಂಗಳುಗಳಲ್ಲಿ ಒಟ್ಟಾರೆ ಏನಾಯ್ತು ಅನ್ನೋದಕ್ಕೆ ಒಂದು ದಾಖಲೆ ಇದೆ. 1948ರ ನವೆಂಬರ್–ಡಿಸೆಂಬರ್‌ನಲ್ಲಿ ಪ್ರಧಾನಿ ನೆಹರೂ ಸೂಚನೆಯಂತೆ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಮಿಸ್ರಿ ಸಂಸ್ಥಾನದ 16 ಜಿಲ್ಲೆಗಳಲ್ಲಿ 9 ಜಿಲ್ಲೆ ಸುತ್ತಿದ್ರು. ಪೊಲೀಸ್ ಕಾರ್ಯಾಚರಣೆ ವೇಳೆ ಮತ್ತು ಆಮೇಲೆ, ಕಮ್ಮಿ ಅಂದ್ರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಅಂತ ಅವರ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು, ಬೀದರ್ ಇನ್ನೊಂದು. ಗೃಹ ಸಚಿವ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ, ಅಂಕಿಯ ಬಗ್ಗೆ ಈಗಲೂ ವಾದ ಇದೆ. ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕಿತು. ಅದರಲ್ಲಿ ರಜಾಕಾರರ ಅತ್ಯಾಚಾರಗಳ ಬಗ್ಗೆಯೂ ಇದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಅಡ್ಡ ನಿಂತು ಉಳಿಸಿದ್ದೂ ಇದೆ.

ಒಂದು ಪುಟ ಓದಿದ್ರೆ ಇನ್ನೊಂದು ಪುಟಕ್ಕೆ ಅವಮಾನ ಅಂತ ಕೆಲವರಿಗೆ ಅನ್ನಿಸ್ತದೆ. ಹಾಗೇನಿಲ್ಲ. ಮಲ್ಲಿಕಾರ್ಜುನ ಖರ್ಗೆಯವರ ಬಾಲ್ಯದಲ್ಲಿ ಅವರ ತಾಯಿ, ಸಹೋದರಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಸತ್ತರು. ಆ ಮಾತು 2024ರಲ್ಲಿ ಚುನಾವಣಾ ಭಾಷಣಕ್ಕೆ ವಸ್ತುವಾದಾಗ ಮಗ, ನಮ್ಮ ಪಕ್ಕದ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ, ಅದನ್ನು ಮಾಡಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ ಅಂತ ಹೇಳಿದ್ರು. ಅವರ ಪಕ್ಷ ನಿಮಗೆ ಇಷ್ಟ ಇರಲಿ ಬಿಡಲಿ, ಲೆಕ್ಕ ಬರೆಯೋರು ಹೀಗೆ ಬರೀಬೇಕು: ಯಾರು ಮಾಡಿದ್ರೋ ಅವರ ಹೆಸರಿಗೆ.

ನಮ್ಮಲ್ಲೂ ಮನಸ್ಸು ಬದಲಾಗಿದೆ, ಆದರೆ ಹೆಚ್ಚಾಗಿ ಹೆಸರಿನಲ್ಲಿ. ಮೊದಲು ‘ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ’ ಅಂತಿದ್ವಿ. 2019ರಿಂದ ‘ಕಲ್ಯಾಣ ಕರ್ನಾಟಕ ಉತ್ಸವ’. ಕುರಕುಂಟಾದಿಂದ ಪೂರ್ವಕ್ಕೆ ಸ್ವಲ್ಪ ಹೋದ್ರೆ ತೆಲಂಗಾಣ. ಅಲ್ಲಿ ಅದೇ ದಿನಕ್ಕೆ ಒಂದು ಸರ್ಕಾರ ‘ರಾಷ್ಟ್ರೀಯ ಏಕತಾ ದಿನ’ ಅಂದ್ರೆ ಮುಂದಿನ ಸರ್ಕಾರ ‘ಪ್ರಜಾ ಪಾಲನಾ ದಿನೋತ್ಸವ’ ಅಂತು. ಕೇಂದ್ರದವರು ‘ಹೈದರಾಬಾದ್ ವಿಮೋಚನಾ ದಿನ’ ಅಂತಾರೆ. ಖಾತೆಗೆ ಹೊಸ ಹೊಸ ಹೆಸರು ಬರ್ತಾ ಇದೆ, ಒಳಗಿನ ಎರಡನೇ ಪುಟ ಹಾಗೇ ಇದೆ.

ಸೈನ್ಯ ಬರಬಾರದಿತ್ತು ಅಂತ ನಾನು ಹೇಳ್ತಾ ಇಲ್ಲ. ಬಂದಿದ್ದಕ್ಕೇ ಆಯಿ ಉಳಿದಳು, ಅದಕ್ಕೇ ನಾನು ಈ ಮೈಕ್ ಮುಂದೆ ಕೂತಿದ್ದೀನಿ. ಸೆಪ್ಟೆಂಬರ್ 17ಕ್ಕೆ ನಾನೂ ಧ್ವಜಕ್ಕೆ ಕೈ ಎತ್ತುತ್ತೀನಿ. ಆದರೆ ಅಮೆರಿಕದವರಿಗೆ ಇನ್ನೊಂದು ಪುಟ ಹತ್ತು ಸಾವಿರ ಕಿಲೊಮೀಟರ್ ಆಚೆ ಇದೆ, ನೋಡದೆ ಇದ್ರೂ ದಿನ ನಡೀತದೆ. ನಮಗೆ ಅದು ಪಕ್ಕದ ಓಣಿ. ಅದೇ ಓಣಿಯವರ ಜೊತೆ ಶಾಲೆಗೆ ಹೋಗಿದ್ದೀವಿ, ಅದೇ ಸಿಮೆಂಟ್ ಫ್ಯಾಕ್ಟರಿ ಗೇಟಿನಲ್ಲಿ ಕೆಲಸಕ್ಕೆ ನಿಂತಿದ್ದೀವಿ.

ನಿಮ್ಮ ಮನೆಯಲ್ಲಿ ಪೊಲೀಸ್ ಆ್ಯಕ್ಷನ್ ಕಂಡ ಮುತ್ಯಾ, ಆಯಿ ಇದ್ರೆ ಕೇಳಿ. ‘ಫೌಜ್ ಬಂತು’ ಅಂತ ಅವರು ನಿಲ್ಲಿಸಿದಾಗ, ಇನ್ನೊಂದು ಸಲ ‘ಆಮ್ಯಾಲ?’ ಅಂತ ಕೇಳಿ. ಹೇಳೋಕೆ ಇಷ್ಟ ಇದ್ರೆ ರೆಕಾರ್ಡ್ ಮಾಡಿ ನನಗೆ ಕಳಿಸಿ, ಹೆಸರು ಹಾಕಲ್ಲ. ಎಲ್ಲ ಓಣಿಯವರೂ ಕಳಿಸಿ.